ಹುಳುವಿಗೆ ಇಟ್ಟ ಹೆಸರು

"ಗುರುಗಳೇ, ಹೊಟ್ಟೆಕಿಚ್ಚು ಪಟ್ಟವನಿಗೇ ಕೇಡು ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡ ಹೊಟ್ಟೆಕಿಚ್ಚಿನವರೆಲ್ಲ ಉಂಡುಟ್ಟು ಚೆನ್ನಾಗಿಯೇ ಇದ್ದಾರೆ. ಅವರು ಕಳೆದುಕೊಳ್ಳುವುದಾದರೂ ಏನು?"

ಕೇಳಿದವನು ಅಡವೀಶ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಬಂದು ಎರಡು ವರ್ಷವೂ ತುಂಬದ ಇನ್ನೊಬ್ಬ ಶಿಷ್ಯನಿಗೆ ಗುರುಗಳು ಆ ವಾರವಷ್ಟೇ ಪಾಠ ಹೇಳುವ ಕೆಲಸ ಒಪ್ಪಿಸಿದ್ದರು. ಅಡವೀಶ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಈ ಪ್ರಶ್ನೆಯನ್ನು ಮಾತ್ರ ಕೇಳಿದ.

ಗುರುಗಳು ನಕ್ಕರು. ರಾಜನ ಕತೆ, ಮಂತ್ರಿಯ ಕತೆ ಹೇಳಿದರೆ ಅದು ಯಾರಿಗೋ ಸೇರಿದ್ದು ಎಂದು ನೀನು ಎದ್ದು ಹೋಗುತ್ತೀಯ, ಹುಳುವಿನ ಕತೆ ಹೇಳುತ್ತೇನೆ ಕುಳಿತುಕೋ ಎಂದರು. ಅವರು ಹೇಳಿದ್ದು ಇದು.

ಕಡಲ ತೀರದ ಒಂದು ಪಟ್ಟಣದಲ್ಲಿ ಹುಳು ಎಣಿಸುವವನೊಬ್ಬನಿದ್ದ. ನಗಬೇಡ, ಅದೂ ಒಂದು ವಿದ್ಯೆಯೇ. ನಮ್ಮ ಬೆಚ್ಚಗಿನ ಕಡಲ ತಳದಲ್ಲಿ, ಕೆಸರಿನೊಳಗೆ, ಒಂದು ಬಗೆಯ ಹುಳುಗಳಿವೆ. ಮೈಯ ಎರಡೂ ಪಕ್ಕದಲ್ಲಿ ಸಾಲಾಗಿ ಬಿರುಸಾದ ಕೂದಲು. ಅದಕ್ಕೇ ಅವನ್ನು ಬಿರುಗೂದಲ ಹುಳು ಎನ್ನುತ್ತಾರೆ. ಕೆಲವು ಗೇಣುದ್ದ ಇರುತ್ತವೆ, ಕೆಲವು ಅಕ್ಕಿಕಾಳಿಗಿಂತ ಚಿಕ್ಕವು. ಯಾವ ಕೆಸರಿನಲ್ಲಿ ಎಷ್ಟು ಬಗೆ ಇವೆ, ಒಂದು ಬಗೆಗೂ ಇನ್ನೊಂದಕ್ಕೂ ಭೇದವೇನು ಎಂದು ನೋಡಿ ಬರೆದಿಡುವುದು ಅವನ ಕೆಲಸ. ಸಮೀಕ್ಷೆಯ ಕಚೇರಿಯೊಂದು ಅದಕ್ಕೆ ಸಂಬಳ ಕೊಡುತ್ತಿತ್ತು.

ದೋಣಿಯಲ್ಲಿ ಹೋಗುವುದು. ತಳದ ಕೆಸರನ್ನು ಎತ್ತುವುದು. ಜರಡಿಗೆ ಹಾಕಿ ತೊಳೆದು, ಉಳಿದ ಹುಳುವನ್ನು ಸೀಸೆಗೆ ತುಂಬುವುದು. ಆಮೇಲೆ ತಿಂಗಳುಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಕೂದಲು ಎಣಿಸುವುದು, ಕಣ್ಣು ಅಳೆಯುವುದು, ಬಾಯಿ ಸೀಳಿ ಹಲ್ಲಿನ ಸಾಲು ನೋಡುವುದು. ಒಂದೊಂದು ಹುಳುವಿಗೆ ಒಂದು ವಾರ ಹಿಡಿದದ್ದೂ ಉಂಟು. ಇಪ್ಪತ್ತಾರು ವರ್ಷ ಅವನು ಇದನ್ನೇ ಮಾಡಿದ. ಆ ತೀರದ ಹುಳುಗಳ ಪಟ್ಟಿ ಅವನ ಕೈಯಲ್ಲೇ ಇತ್ತು. ಅದರಲ್ಲಿ ಇನ್ನೂರ ಹನ್ನೆರಡು ಬಗೆಗಳು. ಹೊಸ ಹೆಸರು ಸೇರಿಸುವವನೂ ಅವನೇ, ಸಲ್ಲದ ಹೆಸರನ್ನು ಹೊಡೆದುಹಾಕುವವನೂ ಅವನೇ.

ಈ ವಿದ್ಯೆಯವರಲ್ಲಿ ಒಂದು ಮರ್ಯಾದೆ ಉಂಟು. ಹೊಸ ಬಗೆಯ ಹುಳುವನ್ನು ಮೊದಲು ವಿವರಿಸಿ ಅಚ್ಚು ಹಾಕಿಸಿದವರು ಅದಕ್ಕೆ ಹೆಸರಿಡುತ್ತಾರೆ. ಊರಿನ ಹೆಸರು ಇಡಬಹುದು, ಮೈಬಣ್ಣ ನೋಡಿ ಇಡಬಹುದು, ತಾವು ಗೌರವಿಸುವ ಯಾರ ಹೆಸರನ್ನಾದರೂ ಇಡಬಹುದು. ತಮ್ಮ ಹೆಸರನ್ನು ಮಾತ್ರ ತಾವೇ ಇಟ್ಟುಕೊಳ್ಳುವುದಿಲ್ಲ. ಅದನ್ನು ಇನ್ನೊಬ್ಬರು ಇಡಬೇಕು.

ಅವನ ಆಸೆ ಇದ್ದದ್ದು ಅದೊಂದೇ. ಪಟ್ಟಿಯಲ್ಲಿ ಕಂಡಕಂಡವರ ಹೆಸರಿತ್ತು. ಎಂದೋ ಹಡಗಿನಲ್ಲಿ ಬಂದು ಮೂರು ದಿನ ಲಂಗರು ಹಾಕಿ ಹೋದ ಕಪ್ತಾನನೊಬ್ಬನ ಹೆಸರಿನ ಹುಳು ಇತ್ತು. ಆ ಕಪ್ತಾನನ ಹೆಂಡತಿಯ ಹೆಸರಿನದೂ ಒಂದಿತ್ತು, ಅವಳು ಈ ತೀರದ ಕೆಸರನ್ನು ಕಣ್ಣಿಂದಲೂ ಕಂಡವಳಲ್ಲ. ಇಪ್ಪತ್ತಾರು ವರ್ಷ ಆ ಕೆಸರನ್ನು ಎತ್ತಿ ತೊಳೆದ ಇವನ ಹೆಸರು ಎಲ್ಲೂ ಇರಲಿಲ್ಲ. ಮಕ್ಕಳೂ ಇರಲಿಲ್ಲ. ನನ್ನ ಹಿಂದೆ ಉಳಿಯುವುದೇನು ಎಂದು ಒಮ್ಮೊಮ್ಮೆ ಹೆಂಡತಿಯನ್ನು ಕೇಳುತ್ತಿದ್ದ. ಅವಳು ಸಾರಿಗೆ ಒಗ್ಗರಣೆ ಹಾಕುತ್ತ, ಸೀಸೆಗಳು ಉಳಿಯುತ್ತವೆ, ತೊಳೆಯುವುದಕ್ಕೆ ನಾನು ಉಳಿಯುತ್ತೇನೆ ಎನ್ನುತ್ತಿದ್ದಳು.

ಆ ಕಚೇರಿಗೆ ಶೇವಂತಿ ಎಂಬ ಹೆಣ್ಣುಮಗಳು ಕೆಲಸಕ್ಕೆ ಬಂದಳು. ಹೊಳೆ ಕಡಲಿಗೆ ಸೇರುವ ಅಳಿವೆಯ ದಡದ ಕೊಂಚಿಕೇರಿ ಎಂಬ ಊರಿನವಳು. ಅವಳ ಮನೆಯವರು ಇಳಿತದ ಹೊತ್ತಿನಲ್ಲಿ ಕೆಸರಿಗೆ ಇಳಿದು ಚಿಪ್ಪಿ ಹೆಕ್ಕುವವರು. ಓದಿದ್ದು ಪಟ್ಟಣದಲ್ಲಿ, ಆದರೆ ಕಾಲಿಗೆ ಕೆಸರಿನ ಗುರುತು ಹುಟ್ಟಿನಿಂದಲೇ ಇತ್ತು. ಮೊದಲ ವರ್ಷ ಅವನಿಗೆ ಅವಳ ಮೇಲೆ ಎಲ್ಲಿಲ್ಲದ ಅಭಿಮಾನ. ಕೂದಲು ಎಣಿಸುವುದನ್ನು ಬೆರಳು ಹಿಡಿದು ಕಲಿಸಿದ. ಸೀಸೆಯ ಚೀಟಿಯನ್ನು ಸೀಸದಕಡ್ಡಿಯಲ್ಲೇ ಬರೆಯಬೇಕು, ಶಾಯಿಯಾದರೆ ಹುಳು ಕೆಡದಂತೆ ಹಾಕುವ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ ಎಂದು ಹೇಳಿಕೊಟ್ಟ. ಈಜುವ ಹುಳು ಸಿಕ್ಕರೆ ಹೊಸದು ಎಂದು ಕುಣಿಯಬೇಡ ಎಂದೂ ಹೇಳಿದ್ದ. ಕೆಲವು ಬಗೆಯವು ಸಂತಾನದ ಕಾಲ ಬಂದಾಗ ಮೈಯನ್ನೇ ಬದಲಿಸಿಕೊಂಡು ಕೆಸರು ಬಿಟ್ಟು ಮೇಲೆ ಬರುತ್ತವೆ, ಹಲ್ಲಿನ ಸಾಲು ನೋಡದೆ ಮಾತಾಡಬಾರದು ಎಂದಿದ್ದ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಬಂದವರಿಗೆಲ್ಲ ಅವನು ಇವಳು ನನ್ನ ಶಿಷ್ಯೆ ಎಂದು ತೋರಿಸುತ್ತಿದ್ದ.

ಎರಡನೆಯ ವರ್ಷ ಅವಳು ತನ್ನ ಊರಿನ ಅಳಿವೆಯಿಂದ ಒಂದು ಹುಳು ತಂದಳು. ದೋಣಿ ಹೋಗದ ಜಾಗದಲ್ಲಿ, ಕಾಲ್ನಡಿಗೆಯಲ್ಲಿ ಹೋಗಿ ಅಗೆದು ತಂದದ್ದು. ಅವನು ಅದನ್ನು ಅರ್ಧ ದಿನ ನೋಡಿದ. ಇನ್ನೂರ ಹನ್ನೆರಡರಲ್ಲಿ ಯಾವುದಕ್ಕೂ ಅದು ಹೊಂದಲಿಲ್ಲ. ಹೊಸದೇ ಎಂದ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಉದ್ದ ಎಂಬ ಗಾದೆಯನ್ನು ಬೇರೆಯವರಿಗೆ ಅನ್ವಯಿಸಿ ಎಷ್ಟೋ ಸಲ ನಕ್ಕಿದ್ದ. ಅದು ಈಗ ಅವನ ಮೇಜಿಗೇ ಬಂದಿತ್ತು.

ಕಚೇರಿಯವರೆಲ್ಲ ಅವಳ ಸುತ್ತ ಸೇರಿದರು. ದೋಣಿ ನಡೆಸುವ ಮುದುಕ ಇವನ ಹತ್ತಿರ ಬಂದು, ಇಷ್ಟು ವರ್ಷ ನಾವು ಅದೇ ಅಳಿವೆಯ ಬಾಯಲ್ಲೇ ಓಡಾಡಿದೆವಲ್ಲ, ನಮಗೆ ಹೇಗೆ ಸಿಗಲಿಲ್ಲ ಎಂದು ಕೇಳಿದ. ಮುದುಕನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ಆ ಮಾತು ಇವನಿಗೆ ಹುಣ್ಣಿನ ಮೇಲೆ ಉಪ್ಪು ಸವರಿದ ಹಾಗಾಯಿತು. ಮನೆಯಲ್ಲಿ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಅವಳ ಹುಳು ಕಾಣುತ್ತಿತ್ತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅಂದಿನಿಂದ ಅವನ ಕಣ್ಣು ಹಾಗಾಯಿತು. ಅವಳ ಚೀಟಿಗಳು ಸೊಟ್ಟಗೆ ಕಂಡವು. ಅವಳ ನಗು ಜಂಬವಾಗಿ ಕಂಡಿತು. ಅವಳು ತನ್ನ ಮಾತನ್ನು ತಲೆಬಾಗಿಸಿ ಕೇಳಿದರೆ ನಾಟಕ ಎನಿಸಿತು, ಎದುರು ಪ್ರಶ್ನೆ ಕೇಳಿದರೆ ಸೊಕ್ಕು ಎನಿಸಿತು. ಹೆಂಡತಿಯ ಮುಂದೆ ಅವಳ ಹೆಸರೆತ್ತುವುದನ್ನು ಬಿಟ್ಟ.

ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆಯುವ ಹೊತ್ತಿಗೆ ಶೇವಂತಿ ತನ್ನ ಹುಳುವಿನ ವಿವರ ಬರೆದು ಮುಗಿಸಿದಳು. ಹನ್ನೊಂದು ಚಿತ್ರ, ಇಪ್ಪತ್ತು ಹಾಳೆ. ಅಂಥ ಬರಹಗಳು ಮೂರು ತಿಂಗಳಿಗೊಮ್ಮೆ ಹೊರಡುವ ಒಂದು ಪತ್ರಿಕೆಯಲ್ಲಿ ಅಚ್ಚಾಗಬೇಕು, ಅಲ್ಲಿಗೆ ಹೋಗುವ ಮೊದಲು ಕಚೇರಿಯ ಹಿರಿಯರು ಓದಿ ರುಜು ಹಾಕಬೇಕು. ಅವಳು ಕಟ್ಟನ್ನು ತಂದು ಅವನ ಕೈಗೆ ಕೊಟ್ಟಳು. ಹೆಸರಿನ ಜಾಗ ಖಾಲಿ ಇತ್ತು. ಯಾವ ಹೆಸರು ಇಡುತ್ತೀಯ ಎಂದು ಅವನು ಕೇಳಿದ. ಅವಳು ನಕ್ಕು, ಅಚ್ಚಿಗೆ ಹೋಗುವ ದಿನ ನಾನೇ ತುಂಬುತ್ತೇನೆ ಎಂದಳು.

ಬೇರೆ ಯಾವ ಹೆಸರು ಇಟ್ಟಾಳು, ಕೊಂಚಿಕೇರಿಯ ಹೆಸರನ್ನೇ ಇಡುತ್ತಾಳೆ ಎಂದು ಅವನು ತೀರ್ಮಾನಿಸಿದ. ನಿನ್ನೆ ಮೊನ್ನೆ ಬಂದವಳು ತನ್ನ ಊರನ್ನು ಪಟ್ಟಿಯಲ್ಲಿ ಶಾಶ್ವತ ಮಾಡಿಕೊಳ್ಳುತ್ತಾಳೆ, ನಾನು ಅದನ್ನು ನನ್ನ ಕೈಯಿಂದ ಬರೆದುಕೊಳ್ಳಬೇಕು. ಹೀಗೆಂದು ಯೋಚಿಸಿ ಕಟ್ಟನ್ನು ಮೇಜಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದ.

ಆಗ ಅವನಿಗೆ ಒಂದು ಹಳೆಯ ಸೀಸೆ ನೆನಪಾಯಿತು. ಹದಿನೆಂಟು ವರ್ಷದ ಹಿಂದೆ, ಒಂದು ಅಮಾವಾಸ್ಯೆಯ ಮರುದಿನ ಬೆಳಗಿನ ಜಾವ, ಕೊಂಚಿಕೇರಿಯ ಅಳಿವೆಯ ಬಾಯಲ್ಲೇ ನೀರಿನ ಮೇಲೆ ಈಜುತ್ತಿದ್ದ ಮೂರು ಹುಳುಗಳನ್ನು ಕೈಬಲೆಯಲ್ಲಿ ಹಿಡಿದಿದ್ದ. ಅವುಗಳ ಕಣ್ಣು ದೊಡ್ಡವು. ಬಿರುಗೂದಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಪಟ್ಟಿಯಲ್ಲಿ ಯಾವುದಕ್ಕೂ ಹೊಂದದಿದ್ದರೂ, ಈಜುವ ಹುಳುವನ್ನು ನಂಬಬಾರದು ಎಂದು ಎತ್ತಿಟ್ಟಿದ್ದ. ಈಗ ಆ ಸೀಸೆಯನ್ನು ಇಳಿಸಿದ. ಅವಳ ಹುಳುವಿನ ಕುಲದ್ದೇ. ಆದರೆ ಅವಳದರ ಕಣ್ಣು ಚಿಕ್ಕದು, ಇದರದು ದೊಡ್ಡದು. ಅವಳದರ ಕೂದಲು ಸಣ್ಣ, ಇದರದು ಅಗಲ. ಭೇದ ಹುಡುಕಿದ, ಭೇದ ಸಿಕ್ಕಿತು. ಬಾಯಿ ಸೀಳಿ ಹಲ್ಲಿನ ಸಾಲನ್ನು ಮಾತ್ರ ನೋಡಲಿಲ್ಲ. ಇರುವುದೇ ಮೂರು ಹುಳು, ಕೆಡಿಸುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡ. ನೋಡಿದರೆ ಏನು ಕಂಡೀತೋ ಎಂಬ ಅಳುಕು ಒಳಗೆ ಇತ್ತು, ಅದನ್ನು ಮಾತಿಗೆ ಬರಗೊಡಲಿಲ್ಲ.

ಹದಿನೈದು ದಿನದಲ್ಲಿ ವಿವರ ಬರೆದು, ತಾನೇ ರುಜು ಹಾಕಿ, ಪತ್ರಿಕೆಗೆ ಕಳಿಸಿದ. ಒಂದೇ ಕುಲಕ್ಕೆ ಸೇರಿದ ಎರಡು ಬಗೆಗಳಿಗೆ ಒಂದೇ ಹೆಸರು ಇಡುವಂತಿಲ್ಲ. ಅದನ್ನು ಬಲ್ಲವನಾದ್ದರಿಂದಲೇ ತನ್ನ ಹುಳುವಿಗೆ ಕೊಂಚಿಕೇರಿಯ ಹೆಸರು ಇಟ್ಟ. ಅವಳಿಗೆ ಅದು ಸಿಗಬಾರದು, ಅಷ್ಟೇ. ಬೇರೆ ಕಾರಣ ಏನೂ ಇರಲಿಲ್ಲ.

ನಡುವೆ ಶೇವಂತಿ ಎರಡು ಸಲ ಕೇಳಿದಳು. ನೋಡುತ್ತಿದ್ದೇನೆ, ಇದು ಅವಸರದ ಕೆಲಸವಲ್ಲ ಎಂದ. ಅವಳು ನಂಬಿದಳು. ತನ್ನ ಬರಹದಲ್ಲಿ ತಪ್ಪುಗಳಿರಬೇಕು, ಪಾಪ ತಿದ್ದುತ್ತಿದ್ದಾರೆ ಎಂದು ಕಚೇರಿಯವರ ಹತ್ತಿರ ಹೇಳಿಕೊಂಡಳು.

ನೂಲು ಹುಣ್ಣಿಮೆ ಕಳೆದು ದೋಣಿಗಳು ಮತ್ತೆ ಕಡಲಿಗೆ ಇಳಿದ ವಾರ ಪತ್ರಿಕೆ ಬಂತು. ಅವನ ಹುಳು ಅಚ್ಚಾಗಿತ್ತು. ಇನ್ನು ಭಯವಿಲ್ಲ ಎಂದು ಅವನು ಖಾನೆಯ ಬೀಗ ತೆಗೆದು, ಅವಳ ಕಟ್ಟಿಗೆ ರುಜು ಹಾಕಿ ಕೊಟ್ಟ. ಅವಳ ಮುಖ ಸಣ್ಣದಾಗುವುದನ್ನು ನೋಡಲು ಕಾದ. ಅವಳು ಮುಖ ಅರಳಿಸಿಕೊಂಡು ಬಂದಳು. ನಮ್ಮಂಥವರ ಊರಿನ ಹೆಸರನ್ನು ನೀವು ಇಡುತ್ತೀರಿ ಎಂದು ಕನಸಿನಲ್ಲೂ ನೆನೆಸಿರಲಿಲ್ಲ ಎಂದು ಕೈಮುಗಿದಳು. ಮರುದಿನ ಅವಳ ತಾಯಿ ಒಂದು ಬುಟ್ಟಿ ಚಿಪ್ಪಿ ಕಳಿಸಿದ್ದಳು. ಅವನ ಹೆಂಡತಿ ಅದಕ್ಕೆ ಕಾಯಿ ಅರೆದು ಸಾರು ಮಾಡಿದಳು. ಅವನು ಉಂಡ, ಆದರೆ ರುಚಿ ಹತ್ತಲಿಲ್ಲ. ಇವಳು ಯಾಕೆ ನೊಂದುಕೊಳ್ಳಲಿಲ್ಲ ಎಂಬುದೊಂದೇ ಅವನ ತಲೆಯನ್ನು ತಿನ್ನುತ್ತಿತ್ತು.

ಕಾರ್ತಿಕದಲ್ಲಿ ಮುಂದಿನ ಸಂಚಿಕೆ ಬಂತು. ಅವನು ಅದನ್ನು ಬಾಗಿಲು ಹಾಕಿಕೊಂಡು ಬಿಚ್ಚಿದ. ಅವಳ ಹುಳು ಇತ್ತು, ಹನ್ನೊಂದು ಚಿತ್ರವೂ ಇತ್ತು. ಹೆಸರಿನ ಜಾಗದಲ್ಲಿ ಇದ್ದದ್ದು ಅವನ ಹೆಸರು. ಕೆಳಗೆ ಒಂದು ಸಾಲು: ನನಗೆ ಎಣಿಸಲು ಕಲಿಸಿದವರ ಹೆಸರನ್ನು ಈ ಹುಳುವಿಗೆ ಇಟ್ಟಿದ್ದೇನೆ.

ಅವನು ಆ ಸಾಲನ್ನು ಎಷ್ಟು ಸಲ ಓದಿದನೋ. ಮೊದಲು ಸಂತೋಷವಾಯಿತು, ಮೈ ಹಗುರಾಯಿತು. ಅದರ ಬೆನ್ನಿಗೇ ನಾಚಿಕೆ ಬಂತು. ಆ ಖಾನೆಯ ಬೀಗದ ನೆನಪಾಗಿ ಮುಖ ಮುಚ್ಚಿಕೊಂಡ. ಆದರೂ ಮನುಷ್ಯ ನೋಡು, ನಾಚಿಕೆಯನ್ನು ಒರೆಸಿಕೊಂಡು ಸಂತೋಷವನ್ನು ಮನೆಗೆ ಒಯ್ದ. ಹೆಂಡತಿ ಬೆರಳಿಟ್ಟು ಅಕ್ಷರ ಕೂಡಿಸಿ ಗಂಡನ ಹೆಸರನ್ನು ಓದಿದಳು. ಎಂದೂ ಗಂಡನ ಹೆಸರು ಹೇಳದವಳು ಅಂದು ಗಟ್ಟಿಯಾಗಿ ಹೇಳಿದಳು. ಇದು ಇನ್ನು ಅಳಿಸಿಹೋಗುವುದಿಲ್ಲ ತಾನೆ ಎಂದು ಕೇಳಿದಳು. ಇಲ್ಲ, ಕಡಲು ಇರುವತನಕ ಇರುತ್ತದೆ ಎಂದ. ಮುಂದಿನ ಹನ್ನೆರಡು ದಿನ ಅವನು ಸುಖವಾಗಿ ಉಂಡ, ಸುಖವಾಗಿ ಮಲಗಿದ.

ಹದಿಮೂರನೆಯ ದಿನ ಶೇವಂತಿ ಒಂದು ಬೋಗುಣಿ ಹಿಡಿದು ಅವನ ಮೇಜಿನ ಹತ್ತಿರ ಬಂದಳು. ಅವಳು ತನ್ನ ಹುಳುಗಳಲ್ಲಿ ಕೆಲವನ್ನು ಕೆಸರು, ಕಡಲನೀರು ಹಾಕಿ ಆ ಬೋಗುಣಿಯಲ್ಲಿ ಸಾಕಿಕೊಂಡಿದ್ದಳು. ಅವನು ಬಗ್ಗಿ ನೋಡಿದ. ಕೆಸರಿನಲ್ಲಿ ಇದ್ದ ಒಂದು ಹುಳು ಮೇಲೆ ಬಂದು ಈಜುತ್ತಿತ್ತು. ಅದರ ಕಣ್ಣು ದೊಡ್ಡದಾಗಿತ್ತು. ಕೂದಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿತ್ತು. ಪಕ್ಕದಲ್ಲಿ ಇನ್ನೊಂದು ಅರ್ಧ ಬದಲಾಗಿತ್ತು. ಮುಂಗಡೆ ಅವಳ ಹುಳು, ಹಿಂಗಡೆ ಅವನ ಹುಳು.

ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಎರಡೂ ಒಂದೇ ಹುಳು. ಒಂದು ಹುಳುವಿಗೆ ಎರಡು ಹೆಸರು ಬಿದ್ದರೆ ಮೊದಲು ಅಚ್ಚಾದದ್ದು ನಿಲ್ಲುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ. ಬಿದ್ದ ಹೆಸರನ್ನು ಆ ಕುಲದ ಇನ್ನಾವ ಹುಳುವಿಗೂ ಮುಂದೆಂದೂ ಇಡುವಂತಿಲ್ಲ. ಇದನ್ನು ಅವಳಿಗೆ ಕಲಿಸಿದವನು ಅವನೇ.

ಬೋಗುಣಿಯ ನೀರನ್ನು ಕಿಟಕಿಯಿಂದ ಚೆಲ್ಲಿಬಿಟ್ಟರೆ ಮುಗಿಯಿತು ಎಂದು ಅವನ ಮನಸ್ಸು ಹೇಳಿದ್ದು ಸುಳ್ಳಲ್ಲ. ಆದರೆ ಅವಳ ಕಂಕುಳಲ್ಲಿ ದಿನಚರಿಯ ಪುಸ್ತಕ ಇತ್ತು. ದಿನಕ್ಕೊಂದು ಸಾಲು, ಕಣ್ಣಿನ ಅಳತೆ, ತಾರೀಖು. ಅವನು ಕಲಿಸಿದ ಹಾಗೆಯೇ ಬರೆದಿದ್ದಳು.

ಅವನು ಬೈದಾನು ಎಂದು ಅವಳು ಹೆದರಿದ್ದಳು. ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು: "ಸರ್, ತಪ್ಪು ನನ್ನದು. ನನ್ನ ಬರಹ ತಿದ್ದುವುದಕ್ಕೇ ನಿಮಗೆ ಮೂರು ತಿಂಗಳು ಹಿಡಿಯಿತು. ನಾನು ಸರಿಯಾಗಿ ಬರೆದಿದ್ದರೆ ಅದು ಮೊದಲ ಸಂಚಿಕೆಗೇ ಹೋಗುತ್ತಿತ್ತು, ನಿಮ್ಮ ಹೆಸರು ಉಳಿಯುತ್ತಿತ್ತು. ನನ್ನನ್ನು ಕ್ಷಮಿಸಿಬಿಡಿ."

ಆ ಕಟ್ಟಿನಲ್ಲಿ ಅವನು ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಮೂರು ತಿಂಗಳು ಬಿಚ್ಚಿಯೂ ನೋಡಿರಲಿಲ್ಲ. ಬಾಯಿ ತೆರೆದ. ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡವನ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು. ಕೊನೆಗೆ ಅವನು, ಹೋಗಮ್ಮಾ, ನಿನ್ನದೇನೂ ತಪ್ಪಿಲ್ಲ ಎಂದಷ್ಟೇ ಹೇಳಿದ. ದೊಡ್ಡ ಮನಸ್ಸಿನವರು ಎಂದುಕೊಂಡು ಅವಳು ಹೋದಳು. ಅವಳು ಇಂದಿಗೂ ಹಾಗೆಯೇ ಹೇಳುತ್ತಾಳೆ.

ಅವನು ಪಟ್ಟಿಯನ್ನು ತೆಗೆದ. ಹನ್ನೆರಡು ದಿನದ ಹಿಂದೆ ತಾನೇ ಬರೆದ ತನ್ನ ಹೆಸರಿನ ಮೇಲೆ ಗೆರೆ ಎಳೆದ. ಪಕ್ಕದಲ್ಲಿ, ಇದು ಕೊಂಚಿಕೇರಿಯ ಹುಳುವೇ, ಈ ಹೆಸರು ಸಲ್ಲದು ಎಂದು ಬರೆದು ತಾರೀಖು ಹಾಕಿದ. ಅವಳ ಊರಿನ ಹುಳು ಅವಳ ಊರಿನ ಹೆಸರಿನಲ್ಲೇ ನಿಂತಿತು. ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತ ಅವನು ಬಹಳ ಹೊತ್ತು ಕಚೇರಿಯಲ್ಲೇ ಕುಳಿತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಡವೀಶ ಮುಂದೆ ಏನಾದರೂ ಇದೆಯೇ ಎಂದು ಕಾದ. ಇರಲಿಲ್ಲ. ಕೊನೆಗೆ ಅವನೇ ಕೇಳಿದ: "ಗುರುಗಳೇ, ಆ ಹೆಣ್ಣುಮಗಳ ಹೆಸರು ಹೇಳಿದಿರಿ, ಅವಳ ಊರಿನ ಹೆಸರು ಹೇಳಿದಿರಿ. ಅವನ ಹೆಸರು ಏನೆಂದು ಹೇಳಲೇ ಇಲ್ಲ."

"ಕಳೆದುಕೊಳ್ಳುವುದಾದರೂ ಏನು ಎಂದು ಕೇಳಿದೆಯಲ್ಲಪ್ಪಾ, ಅದೇ" ಎಂದರು ಗುರುಗಳು.